ರಜೆಗೆ ಹೋಗದ ಸುಸ್ತು

ನನ್ನ ಹತ್ರ ಕೌನ್ಸೆಲಿಂಗಿಗೆ ಬಂದ ಒಬ್ಬರ ಕಥೆ ಇದು. ಗುರುತು ಸಿಗೋ ವಿವರ ಎಲ್ಲಾ ಬದಲಾಯಿಸಿದೀನಿ, ಅವರೇ ಓದಿ ಸರಿ ಅಂದ್ಮೇಲೆ ಬರೀತಿರೋದು. ಇಲ್ಲಿ ಅವರನ್ನ ಬರೀ ಡಾಕ್ಟ್ರು ಅಂತೀನಿ. ಒಂದು ಪ್ರಾಣಿ ಶೆಲ್ಟರಲ್ಲಿ ಆರು ವರ್ಷದಿಂದ ಪಶುವೈದ್ಯೆ, ಅದಕ್ಕೂ ಮುಂಚೆ ಪ್ರೈವೇಟ್ ಕ್ಲಿನಿಕಲ್ಲಿದ್ರು, ಯಾರೂ ದಿಕ್ಕಿಲ್ಲದ ಪ್ರಾಣಿಗಳಿಗೆ ಕೆಲ್ಸ ಮಾಡ್ಬೇಕು ಅಂತ ತಾವೇ ಬಯಸಿ ಬಂದೋರು.

ಏನು ತೊಂದ್ರೆ ಅಂತ ಕೇಳಿದ್ರೆ "ನಮ್ಮನೆ ನಾಯಿ ಶೇಕ್ ಹ್ಯಾಂಡ್ ಮಾಡೋಕೆ ಕಾಲೆತ್ತಿದ್ರೆ ನಾನು ಕೈ ಹಿಂದಕ್ಕೆ ತಗೋತೀನಿ ಮೇಡಂ" ಅಂದ್ರು. ನಂಗೆ ಏನೂ ಅರ್ಥ ಆಗ್ಲಿಲ್ಲ, ಸುಮ್ನೆ ಕೂತಿದ್ದೆ.

ಆಮೇಲೆ ನಿಧಾನಕ್ಕೆ ಹೇಳಿದ್ರು. ಕೆಲವು ವಾರದ ಹಿಂದೆ ಒಂದು ವಯಸ್ಸಾದ ನಾಯಿ, ಸಾಕಿದೋರೇ ಆಗಲ್ಲ ಅಂತ ತಂದು ಬಿಟ್ಟಿದ್ದು. ದೊಡ್ಡ ಕಾಯಿಲೆ ಏನಿಲ್ಲ, ಕೀಲುನೋವು, ಒಂದು ಕಣ್ಣಿಗೆ ಪೊರೆ, ಅಷ್ಟೇ. ದತ್ತು ತಗೊಳೋಕೆ ಯಾರೂ ಬರ್ಲಿಲ್ಲ, ಗೂಡು ಖಾಲಿ ಆಗ್ಬೇಕಿತ್ತು. ಸಾಯಿಸೋ ಇಂಜೆಕ್ಷನ್‌ಗೆ ರಕ್ತನಾಳ ಕಾಣ್ಬೇಕಲ್ಲ, ಮುಂಗಾಲಿನ ಕೂದಲು ತೆಗೆಯೋಕೆ ಇವರು ಟ್ರಿಮ್ಮರ್ ಹಿಡ್ಕೊಂಡು ಇನ್ನೊಂದು ಕೈ ಚಾಚಿದ್ದಾರೆ, ಅದು ತಾನಾಗೇ ಕಾಲೆತ್ತಿ ಅಂಗೈ ಮೇಲಿಟ್ಟಿದೆ. ಯಾರೋ ಮರಿಯಿದ್ದಾಗ ಶೇಕ್ ಹ್ಯಾಂಡ್ ಕಲಿಸಿದ್ರು ಅದಕ್ಕೆ. ಇವರು ಕೆಲ್ಸ ಮುಗಿಸಿ, ಸ್ಟೆತಸ್ಕೋಪ್ ಇಟ್ಟು ಎದೆಬಡಿತ ನಿಂತಿದ್ದು ಖಾತ್ರಿ ಮಾಡ್ಕೊಂಡು, ಗ್ಲೌಸ್ ಬದಲಾಯಿಸಿ ಪಕ್ಕದ ರೂಮಿಗೆ ಹೋಗಿ ಒಂಬತ್ತು ಸಂತಾನಹರಣ ಆಪರೇಷನ್ ಮಾಡಿದ್ದಾರೆ. ಅಳು ಬರ್ಲಿಲ್ಲ. ರಾತ್ರಿ ನಿದ್ದೆನೂ ಚೆನ್ನಾಗೇ ಬಂತಂತೆ, ಅದೇ ಅವರನ್ನ ಹೆದರಿಸಿದ್ದು. "ನಾನು ಕಲ್ಲಾಗಿಬಿಟ್ನಾ ಮೇಡಂ?"

ಇಲ್ಲಿ ನಾನೊಂದು ತಪ್ಪು ಮಾಡಿದೆ. ಇದನ್ನ ಕಂಪ್ಯಾಶನ್ ಫಟೀಗ್ ಅಂದ್ಕೊಂಡೆ. ಕಾರ್ಲಾ ಜಾಯ್ನ್ಸನ್ ಅನ್ನೋ ನರ್ಸ್ 1992ರಲ್ಲಿ ನರ್ಸ್‌ಗಳ ಬಗ್ಗೆ ಬರೀತಾ ಬಳಸಿದ ಮಾತು ಅದು, ಬೇರೆಯವರ ನೋವು ನೋಡ್ತಾ ನೋಡ್ತಾ ಒಳಗಿನ ಕರುಣೆನೇ ಬತ್ತಿ ಹೋಗೋದು. ದಣಿವು ಅಂದ್ಮೇಲೆ ವಿಶ್ರಾಂತಿ, ಒಂದು ವಾರ ರಜೆ ಹಾಕಿ ಅಂದೆ. ಹಾಕಿದ್ರು. ವಾಪಸ್ ಬಂದಾಗ ಇನ್ನೂ ಹದಗೆಟ್ಟಿದ್ರು, ಯಾಕಂದ್ರೆ ಕೆಲ್ಸಕ್ಕೆ ಹೋದ ಮೊದಲ ದಿನ ಬೆಳಗ್ಗೆನೇ ಫೋನಿಗೆ ಸಾಯಿಸ್ಬೇಕಾದ ಪ್ರಾಣಿಗಳ ಲಿಸ್ಟ್ ಬಂತು, ನಾಲ್ಕು ಗೂಡಿನ ನಂಬರ್. "ಅವು ಒಂದು ವಾರ ನಾನು ಬರ್ಲಿ ಅಂತಲೇ ಕಾಯ್ತಿದ್ವು ಮೇಡಂ" ಅಂದ್ರು.

ಆಗ ಹೊಳೀತು ನಂಗೆ. ಲಿಸ್ಟ್ ಯಾರು ಮಾಡ್ತಾರೆ ಅಂತ ಕೇಳಿದೆ, ಮ್ಯಾನೇಜರ್ ಅಂತೆ. ನಿಮ್ಮನ್ನ ಕೇಳ್ತಾರಾ ಅಂದ್ರೆ ಇಲ್ಲ. ವಾಸಿಯಾಗದ ನೋವಲ್ಲಿ ನರಳ್ತಿರೋ ಪ್ರಾಣಿಗೆ ದಯಾಮರಣ ಕೊಟ್ಟಾಗ ಹೀಗಾಗುತ್ತಾ ಅಂದ್ರೆ, ಇಲ್ವೇ ಇಲ್ಲ, ಬೇಜಾರಾಗುತ್ತೆ, ಆದ್ರೆ ಅದು ನನ್ನ ಕೆಲ್ಸ ಅನ್ಸುತ್ತೆ, ಮನೆಗೆ ಹೋಗಿ ಅಡುಗೆ ಮಾಡ್ತೀನಿ ಅಂದ್ರು. ಅಂದ್ರೆ ಸಾವು ನೋಡಿ ಸುಸ್ತಾಗಿರೋದಲ್ಲ ಇದು. ತಪ್ಪು ಅಂತ ತಮಗೆ ಅನ್ಸಿದ್ದನ್ನ ತಮ್ಮ ಕೈಯಲ್ಲೇ ಮಾಡಿಸ್ತಿದಾರೆ ಅನ್ನೋ ಗಾಯ. ಜೊನಾಥನ್ ಶೇ ಅನ್ನೋ ಮನೋವೈದ್ಯ ವಿಯೆಟ್ನಾಂ ಯುದ್ಧದಿಂದ ವಾಪಸ್ ಬಂದ ಸೈನಿಕರಲ್ಲಿ ನೋಡಿ ಮಾರಲ್ ಇಂಜುರಿ ಅಂದಿದ್ದು ಇಂಥದ್ದನ್ನೇ. ಇದಕ್ಕೆ ರಜೆ ಮದ್ದಲ್ಲ, ರಜೆಯಿಂದ ಅದೇ ಟೇಬಲ್ಲಿಗೆ ವಾಪಸ್ ಹೋಗ್ಬೇಕಲ್ಲ.

ಅವತ್ತೇ ಇನ್ನೊಂದು ಪ್ರಶ್ನೆನೂ ಕೇಳಿದೆ, ಸುತ್ತಿಬಳಸದೆ, ಸಾಯ್ಬೇಕು ಅಂತ ಯೋಚ್ನೆ ಬಂದಿದ್ಯಾ ಅಂತ. ಕೇಳಿದ್ರೆ ತಲೆಗೆ ಹುಳ ಬಿಟ್ಟಂಗೆ ಅಂತ ತುಂಬಾ ಜನ ಅಂದ್ಕೋತಾರೆ, ಹಾಗೇನಿಲ್ಲ, ಎಷ್ಟೋ ಜನಕ್ಕೆ ಕೇಳಿದ್ರೇ ಹಗುರಾಗೋದು. ಪಶುವೈದ್ಯರನ್ನಂತೂ ಕೇಳ್ಲೇಬೇಕು. ಅಮೆರಿಕದ 1979ರಿಂದ 2015ರವರೆಗಿನ ಸಾವಿನ ದಾಖಲೆ ನೋಡಿ 2019ರಲ್ಲಿ ಬಂದ ಅಧ್ಯಯನದ ಪ್ರಕಾರ ಅಲ್ಲಿ ಆತ್ಮಹತ್ಯೆ ಪ್ರಮಾಣ ಪಶುವೈದ್ಯೆಯರಲ್ಲಿ ಬೇರೆ ಹೆಂಗಸರಿಗಿಂತ 3.5 ಪಟ್ಟು, ಗಂಡಸು ಪಶುವೈದ್ಯರಲ್ಲಿ ಬೇರೆ ಗಂಡಸರಿಗಿಂತ 2.1 ಪಟ್ಟು. ಡಾಕ್ಟ್ರು ಸ್ವಲ್ಪ ಹೊತ್ತು ಕಿಟಕಿ ಕಡೆ ನೋಡಿ "ಎರಡು ಸಲ ಬಂದಿತ್ತು" ಅಂದ್ರು. ಅವತ್ತೇ ಮನೋವೈದ್ಯರ ಹತ್ರ ಕಳಿಸಿದೆ, ಗಂಡನಿಗೆ ಗೊತ್ತಿರ್ಬೇಕು ಅಂತ ಅವರನ್ನ ಒಪ್ಪಿಸಿದೆ, ಔಷಧಿ ಬೀರುವಿನ ಕೀ ಒಬ್ಬರ ಕೈಲಿರಬಾರ್ದು, ಇಬ್ಬರ ಸಹಿ ಇಲ್ದೆ ತೆಗೆಯಂಗಿಲ್ಲ ಅನ್ನೋದನ್ನ ಶೆಲ್ಟರಿನ ನಿಯಮ ಮಾಡಿಸಿ ಅಂದೆ. ಉಳಿದ ಸಲಹೆ ಎಲ್ಲಾ ಇದಾದ ಮೇಲೆ.

ಇನ್ನೊಂದು ಪಾಪಪ್ರಜ್ಞೆ ಇತ್ತು, ಅದು ಹೊರಗೆ ಬರೋಕೆ ನಾಲ್ಕು ಸೆಷನ್ ಬೇಕಾಯ್ತು. ಪಾರ್ವೋ ಅನ್ನೋ ವೈರಸ್ ಕಾಯಿಲೆ ಬಂದು ಹನ್ನೊಂದು ನಾಯಿಮರಿ ಹೋಗಿದ್ವು. ಲಸಿಕೆ ಆಗದ ಮರಿಗಳನ್ನ ಇವರೇ ನೋಡಿ ಚೆನ್ನಾಗಿವೆ ಅಂತ ಬರೆದು ಒಳಗೆ ಬಿಟ್ಟಿದ್ರು, ಬೇರೆ ಇಡೋಕೆ ಜಾಗ ಇರ್ಲಿಲ್ಲ. ನಂಗೆ ಪಾರ್ವೋ ಬಗ್ಗೆ ಏನೂ ಗೊತ್ತಿಲ್ಲ, ಬಿಡಿಸಿ ಹೇಳಿ ಡಾಕ್ಟ್ರೇ ಅಂದೆ. ಹುಮ್ಮಸ್ಸಿಂದ ಶುರು ಮಾಡಿದ್ರು. ವೈರಸ್ ಒಳಗೆ ಹೋಗಿ ಮೂರರಿಂದ ಏಳು ದಿನದವರೆಗೂ ಏನೂ ಕಾಣಲ್ಲ, ವಾಂತಿ ಭೇದಿ ಶುರುವಾಗೋ ಮುಂಚೆನೇ ಮಲದಲ್ಲಿ ವೈರಸ್ ಬರೋಕೆ ಶುರುವಾಗಿರುತ್ತೆ, ನೆಲದಲ್ಲಿ ತಿಂಗಳುಗಟ್ಟಲೆ ಇರುತ್ತೆ, ಸೋಪಿಗೆಲ್ಲ ಬಗ್ಗಲ್ಲ, ಬ್ಲೀಚ್ ಹಾಕ್ಬೇಕು, ಅದೂ ಮೊದಲು ಕಸ ತೊಳೆದು... ಅಲ್ಲಿಗೆ ನಿಲ್ಲಿಸಿಬಿಟ್ರು. "ನೋಡಿದ್ರೂ ಗೊತ್ತಾಗ್ತಿರ್ಲಿಲ್ಲ ಅಲ್ವಾ" ಅಂದ್ರು, ತಮಗೇ ಹೇಳ್ಕೊಂಡಂಗೆ. ನಾನೇನೂ ಸೇರಿಸ್ಲಿಲ್ಲ.

ಸಲಹೆ ಅಂತ ಕೊಟ್ಟಿದ್ದರಲ್ಲಿ ಮುಖ್ಯವಾದ್ದು, ಲಿಸ್ಟ್ ಫೋನಲ್ಲಿ ಬರಂಗಿಲ್ಲ. ಮ್ಯಾನೇಜರ್, ದಿನಾ ಊಟ ಹಾಕೋ ಆಯಾ, ಡಾಕ್ಟ್ರು ಮೂವರೂ ಕೂತು ಪ್ರತಿ ಪ್ರಾಣಿ ಬಗ್ಗೆ ಮಾತಾಡ್ಬೇಕು, ನೋವಿಗಾ, ಕಚ್ಚೋ ಸ್ವಭಾವಕ್ಕಾ, ಜಾಗ ಇಲ್ಲ ಅಂತಾನಾ ಅನ್ನೋ ಕಾರಣ ಬರೀಬೇಕು, ಮೂವರೂ ಸಹಿ ಹಾಕ್ಬೇಕು. ಜಾಗಕ್ಕೋಸ್ಕರ ಅಂತ ಬರೆದು ಸಹಿ ಹಾಕೋದು ಮ್ಯಾನೇಜರಿಗೂ ಕಷ್ಟ ಆಗ್ಲಿ, ಅದ್ರಲ್ಲಿ ತಪ್ಪೇನಿಲ್ಲ ಅನ್ನೋದು ನನ್ನ ಅಭಿಪ್ರಾಯ. ಆ ಕೆಲ್ಸ ಆದ ತಕ್ಷಣ ಆಪರೇಷನ್ ಇಟ್ಕೋಬೇಡಿ, ನಾಯಿನ ಹಿಡ್ಕೊಳೋಕೆ ಅದಕ್ಕೆ ಗೊತ್ತಿರೋರೇ ಇರ್ಲಿ, ಟ್ರಿಮ್ಮರ್ ಮುಟ್ಟೋ ಮುಂಚೆನೇ ಮಂಪರು ಕೊಡಿ ಅಂತ ಅವರೇ ಮಾತಾಡ್ತಾ ಕಂಡ್ಕೊಂಡ್ರು. ಎಷ್ಟು ಗೂಡಿದೆಯೋ ಅಷ್ಟಕ್ಕೇ ಪ್ರಾಣಿ ತಗೊಳ್ಳೋ ವಿಷಯ ಇನ್ನೂ ಜಗಳದಲ್ಲಿದೆ.

ಸಭೆ ಈಗ ವಾರಕ್ಕೊಂದು ಸಲ ನಡೀತಿದೆ. ಎರಡನೇ ಸಭೆಲೇ ಡಾಕ್ಟ್ರು ಒಂದು ನಾಯಿಗೆ ಸಹಿ ಹಾಕಲ್ಲ ಅಂದ್ರಂತೆ, ಮ್ಯಾನೇಜರ್ ಎದ್ದು ಹೋದ್ರಂತೆ, ಆಮೇಲೆ ಆಯಾನೇ ಅದನ್ನ ಮನೆಗೆ ಕರ್ಕೊಂಡು ಹೋದ್ಳಂತೆ. ಎಲ್ಲಾ ಸಲ ಹಾಗಾಗಲ್ಲ, ಕಳೆದ ತಿಂಗಳು ಎರಡಕ್ಕೆ ಸಹಿ ಹಾಕಿದ್ದಾರೆ, ಅವತ್ತು ಕಾರಲ್ಲಿ ಕೂತು ಅತ್ತಿದ್ದಾರೆ. ಮನೋವೈದ್ಯರ ಮಾತ್ರೆ ನಡೀತಿದೆ, ನನ್ನ ಹತ್ರ ಆರು ವಾರಕ್ಕೊಮ್ಮೆ ಬರ್ತಾರೆ. ಮನೆ ನಾಯಿ ಉಗುರು ಮಾತ್ರ ಇನ್ನೂ ಗಂಡನೇ ಕತ್ತರಿಸ್ತಾರೆ.