ಶೇರು ಮಾರದೆಯೇ ಪಾಲು ಕಡಿಮೆಯಾಗಿದ್ದು ಹೇಗೆ?

ಒಂದೂ ಶೇರು ಮಾರದೆ ನಿಮ್ಮ ಪಾಲು ಶೇ 0.08ರಿಂದ 0.06ಕ್ಕೆ ಇಳಿದಿದೆ ಅಂದರೆ, ಬಹುಶಃ ಪ್ರವರ್ತಕರಿಗೆ (ಕಂಪನಿಯ ಹಿಡಿತ ಇರುವ ಮಾಲೀಕರಿಗೆ) ಕೊಟ್ಟಿದ್ದ ವಾರಂಟ್‌ಗಳು, ಅಂದರೆ ಮುಂದೆ ಹೊಸ ಶೇರು ಪಡೆಯುವ ಹಕ್ಕುಗಳು, ಈಗ ಶೇರಾಗಿವೆ. ಒಟ್ಟು ಶೇರು ಹೆಚ್ಚಿದಾಗ ನಿಮ್ಮ ಪಾಲು ತಾನಾಗೇ ಇಳಿಯುತ್ತದೆ. ವಾರಂಟ್ ಪಡೆದವರು ಕಾಲು ಭಾಗ ದುಡ್ಡು ಮೊದಲು ಕೊಡಬೇಕು, ಉಳಿದದ್ದು 18 ತಿಂಗಳೊಳಗೆ. ಅಷ್ಟರಲ್ಲಿ ನಾವೆಲ್ಲ ಮರೆತೇಬಿಟ್ಟಿರುತ್ತೇವೆ ಅಲ್ವಾ?

ಮೊದಲು ಬಿಎಸ್‌ಇ (ಮುಂಬೈ ಶೇರುಪೇಟೆ) ಸೈಟಿನಲ್ಲಿ ಕಂಪನಿಯ ಕಳೆದ ಎರಡು ವರ್ಷದ ಪ್ರಕಟಣೆ ತೆಗೆದು ಇಜಿಎಂ (ಶೇರುದಾರರ ವಿಶೇಷ ಸಭೆ) ನೋಟಿಸ್ ಹುಡುಕಿ. ಯಾರಿಗೆ, ಯಾವ ಬೆಲೆಗೆ, ಯಾತಕ್ಕೆ ಅನ್ನೋದು ಅದರಲ್ಲಿ ಇರಲೇಬೇಕು. (ನನಗೆ ಬಂದಿದ್ದ ನೋಟಿಸ್ ಸ್ಪ್ಯಾಮ್‌ನಲ್ಲಿ ಬಿದ್ದಿತ್ತು.) ಅದನ್ನು ತ್ರೈಮಾಸಿಕ ಶೇರುದಾರಿಕೆ ವಿವರದ ಜೊತೆ ತಾಳೆ ನೋಡಿ. ಲೆಕ್ಕ ಕೂಡದಿದ್ದರೆ ಕಂಪನಿ ಸೆಕ್ರೆಟರಿಗೆ ಇಮೇಲ್ ಹಾಕಿ. ಉತ್ತರ ಬರಲಿಲ್ಲವಾ, ಶೇರುಪೇಟೆ ನಿಯಂತ್ರಕ ಸೆಬಿಯ ಆನ್‌ಲೈನ್ ದೂರು ತಾಣ ಸ್ಕೋರ್ಸ್‌ನಲ್ಲಿ ದೂರು ಕೊಡಿ; ಕಂಪನಿಗೆ 21 ದಿನದ ಗಡುವು. ದೂರಿನಲ್ಲಿ ಸುಮ್ನೆ ಸಿಟ್ಟು ಬೇಡ. ಯಾವ ತಾರೀಖಿನ ಯಾವ ವಿವರ ಕೊಟ್ಟಿಲ್ಲ ಅಂತಷ್ಟೇ ಬರೆದು, ಇಮೇಲ್ ಪ್ರತಿ ಲಗತ್ತಿಸಿ.