ಹುಡುಗರು ಬಾಯಿ ಬಿಡುತ್ತಿಲ್ಲ, ಏನು ಮಾಡಲಿ?

ಪ್ರಶ್ನೆ: ನಾನು ಚಿಕ್ಕಮಗಳೂರು ಕಡೆಯವನು, ವಯಸ್ಸು 27. ಭಾನುವಾರ ಪೂಜೆ ಮುಗಿದ ಮೇಲೆ ನಮ್ಮ ಚರ್ಚಿನ 14ರಿಂದ 17 ವರ್ಷದ ಹುಡುಗರನ್ನು ನೋಡಿಕೊಳ್ಳಲು ಫಾದರ್ ಹೇಳಿದ್ದಾರೆ. ಬೈಬಲ್ ಪಾಠ ತಯಾರಿ ಮಾಡಿಕೊಂಡು ಹೋಗುತ್ತೇನೆ. ಅವರು ಮೊಬೈಲ್ ನೋಡುತ್ತಾ ಕೂರುತ್ತಾರೆ. ಪೂಜೆಯಲ್ಲಿ ಸೇವೆ ಮಾಡುತ್ತಿದ್ದ ಒಬ್ಬ ಬರುವುದನ್ನೇ ಬಿಟ್ಟಿದ್ದಾನೆ. ಇನ್ನೊಬ್ಬ ಮೊನ್ನೆ, "ಅಣ್ಣ, ಒಂದು ವಿಷಯ ಹೇಳ್ಬೇಕು, ಆದ್ರೆ ಯಾರಿಗೂ ಹೇಳಬಾರದು" ಎಂದ. ನಾನೇನು ಮಾಡಲಿ?

ಉತ್ತರ: ಮೊದಲು ಆ ಪಾಠವನ್ನು ಸ್ವಲ್ಪ ದಿನ ಪಕ್ಕಕ್ಕಿಡಿ. ವಾರವಿಡೀ ಶಾಲೆ, ಟ್ಯೂಷನ್ ಅಂತ ಕೂತು ಬಂದ ಹುಡುಗರು ಅವರು. ಭಾನುವಾರವೂ ಬೆಂಚಿನ ಮೇಲೆ ಕೂರಿಸಿದರೆ ಬಾಯಿ ಬಿಡುವುದಿಲ್ಲ. ಫುಟ್‌ಬಾಲ್ ತೆಗೆದುಕೊಂಡು ಚರ್ಚಿನ ಅಂಗಳಕ್ಕೆ ಹೋಗಿ, ನೀವೂ ಆಡಿ. ಬಡ ಹುಡುಗರಿಗಾಗಿ ದುಡಿದ ಇಟಲಿಯ ಪಾದ್ರಿ ಸಂತ ಜಾನ್ ಬಾಸ್ಕೋ 1884ರಲ್ಲಿ ರೋಮಿನಿಂದ ಟ್ಯೂರಿನ್‌ನ ತಮ್ಮವರಿಗೆ ಬರೆದ ಪತ್ರದಲ್ಲಿ ಇದೇ ಕೊರಗಿದೆ. ಹಿರಿಯರು ಆಟದ ಬಯಲಿನಲ್ಲಿ ಹುಡುಗರ ಜೊತೆ ಬೆರೆಯುವುದನ್ನು ಬಿಟ್ಟರು, ಅದಕ್ಕೇ ಹುಡುಗರ ನಂಬಿಕೆಯೂ ಹೋಯಿತು ಎಂಬುದು ಅವರ ಸಂಕಟ. ನಾವು ಪ್ರೀತಿಸಿದರೆ ಸಾಲದು, ಆ ಪ್ರೀತಿ ಹುಡುಗರಿಗೆ ಗೊತ್ತಾಗಬೇಕು ಎನ್ನುತ್ತಾರೆ.

ಮಾತು ಶುರುವಾದ ಮೇಲೆ ಅವರ ಬದುಕಿನಿಂದಲೇ ಹೊರಡಿ. ನಾನು ಹೈಸ್ಕೂಲ್ ಮಾಸ್ತರನಾಗಿದ್ದಾಗ ವೈ.ಸಿ.ಎಸ್. (ಯಂಗ್ ಕ್ರಿಶ್ಚಿಯನ್ ಸ್ಟೂಡೆಂಟ್ಸ್) ಎಂಬ ವಿದ್ಯಾರ್ಥಿ ಸಂಘಟನೆಯ ಹುಡುಗರಿಗೆ ಆನಿಮೇಟರ್, ಅಂದರೆ ಜೊತೆಗಿದ್ದು ದಾರಿ ತೋರುವವನು, ಆಗಿದ್ದೆ. ಅಲ್ಲಿ ನಮ್ಮ ದಾರಿ ಮೂರೇ ಮಾತಿನದು: ನೋಡು, ವಿಚಾರಿಸು, ಮಾಡು. ಇದು ಬೆಲ್ಜಿಯಂನ ಫಾದರ್ ಜೋಸೆಫ್ ಕಾರ್ಡೈನ್ ಅವರಿಂದ ಬಂದದ್ದು. ಅವರು ಪಾದ್ರಿಯಾಗಲು ಓದುತ್ತಿದ್ದಾಗ, ಜೊತೆಯಲ್ಲಿ ಕಲಿತ ಗೆಳೆಯರು ಕಾರ್ಖಾನೆ ಸೇರಿ, ಚರ್ಚಿನಿಂದಲೂ ತಮ್ಮಿಂದಲೂ ದೂರವಾದದ್ದನ್ನು ಕಂಡರು. ಆ ನೋವು ಅವರನ್ನು ಬಿಡಲಿಲ್ಲ. 1925ರಲ್ಲಿ ದುಡಿಯುವ ಯುವಕರ ಸಂಘಟನೆ ಕಟ್ಟಿದರು.

ನಮ್ಮ ಹುಡುಗರಿಗೆ ನಾನು ಕೇಳಿದ್ದು ಇಷ್ಟೇ: "ಈ ವಾರ ನಿಮಗೆ ಬೇಜಾರಾದದ್ದು ಏನು?" ಎಸ್ಟೇಟಿನ ಲೈನ್ ಮನೆಯ ಒಬ್ಬ, ತನ್ನ ತಮ್ಮನಿಗೆ ಲೆಕ್ಕ ಹೇಳಿಕೊಡುವವರು ಯಾರೂ ಇಲ್ಲ ಎಂದ. ಅಪ್ಪ ಅಮ್ಮ ತೋಟದಿಂದ ಬರುವಾಗ ಕತ್ತಲಾಗಿರುತ್ತದೆ, ಅಲ್ವಾ? ಆಮೇಲೆ ಶುಭಸಂದೇಶದಿಂದ, ಹಸಿದ ಜನರಿಗಾಗಿ ತನ್ನಲ್ಲಿದ್ದ ರೊಟ್ಟಿ, ಮೀನು ಕೊಟ್ಟ ಬಾಲಕನ ಭಾಗ ಓದಿದೆವು. ಚರ್ಚೆ ಜೋರಾಯಿತು. ಮುಂದಿನ ವಾರದಿಂದ ಚರ್ಚಿನ ಜಗುಲಿಯಲ್ಲಿ ಚಿಕ್ಕ ಮಕ್ಕಳಿಗೆ ಸಂಜೆ ಪಾಠ. ಗಣಿತದಲ್ಲಿ ಫೇಲಾಗಿದ್ದ ಹುಡುಗನೇ ಮಗ್ಗಿ ಹೇಳಿಕೊಡಲು ನಿಂತ! ಅವನ ಮುಖದಲ್ಲಿ ಅಂಥ ಗಾಂಭೀರ್ಯವನ್ನು ನಾನು ತರಗತಿಯಲ್ಲಿ ನೋಡಿರಲಿಲ್ಲ. ಹುಡುಗರಿಗೆ ನಿಜವಾದ ಜವಾಬ್ದಾರಿ ಬೇಕು. ಕ್ರಿಸ್‌ಮಸ್‌ಗೆ ಗೋದಲಿ ಕಟ್ಟಿಸಿ ಸುಮ್ನೆ ಬಿಟ್ಟರೆ ಸಾಲದು.

ಬರುವುದನ್ನು ಬಿಟ್ಟವನ ಮನೆಗೆ ಹೋಗಿ. ಯಾಕೆ ಬರಲಿಲ್ಲ ಎಂದು ಕೇಳಬೇಡಿ, ಹೇಗಿದ್ದೀಯ ಎಂದು ಕೇಳಿ. ಕೊಯ್ಲಿನ ಕಾಲದಲ್ಲಿ ಮನೆಗೆ ಅವನ ಕೈ ಬೇಕಾಗಿರಬಹುದು. ಧ್ವನಿ ಒಡೆಯುವ ವಯಸ್ಸಿನಲ್ಲಿ ಎಲ್ಲರೆದುರು ನಿಂತು ಓದಲು ನಾಚಿಕೆಯೂ ಆಗಿರಬಹುದು.

ಇನ್ನು ಗುಟ್ಟಿನ ವಿಷಯ. ಇದನ್ನು ತಡ ಮಾಡಬೇಡಿ. ಅವನನ್ನು ಕೋಣೆಯೊಳಗೆ ಒಬ್ಬನೇ ಕೂರಿಸಿಕೊಳ್ಳಬೇಡಿ. ಬೇರೆಯವರಿಗೆ ಕಾಣುವ, ಆದರೆ ಮಾತು ಕೇಳಿಸದ ಜಾಗದಲ್ಲಿ ಕೂತುಕೊಳ್ಳಿ. ಯಾರಿಗೂ ಹೇಳುವುದಿಲ್ಲ ಎಂದು ಮಾತು ಕೊಡಬೇಡಿ. "ನಿನಗೆ ಅಪಾಯ ಇಲ್ಲದಿದ್ದರೆ ನನ್ನಲ್ಲೇ ಇರುತ್ತದೆ, ಇದ್ದರೆ ನಾವಿಬ್ಬರೂ ಸೇರಿ ಸಹಾಯ ಕೇಳೋಣ" ಎಂದು ಮೊದಲೇ ತಿಳಿಸಿ. ಲೈಂಗಿಕ ದೌರ್ಜನ್ಯದ ಮಾತು ಬಂದರೆ, 2012ರ ಪೋಕ್ಸೋ ಕಾಯ್ದೆ 18 ತುಂಬದ ಹುಡುಗರಿಗೂ ಅನ್ವಯಿಸುತ್ತದೆ. ತಿಳಿದವರು ಪೊಲೀಸರಿಗೆ ಹೇಳಲೇಬೇಕು, ಮುಚ್ಚಿಟ್ಟರೆ ಅದೇ ಅಪರಾಧ. ಮಕ್ಕಳ ಸಹಾಯವಾಣಿ 1098. ತಪ್ಪು ಮಾಡಿದವನು ಚರ್ಚಿನವನೇ ಆಗಿದ್ದರೂ ಇದರಲ್ಲಿ ಬದಲಾವಣೆ ಇಲ್ಲ.