ಫ್ಯಾಂಜಿಯೋ ಕಾರಾ, ಜಿಟಿ3ನಾ? ದೋಸೆ ಬಿಲ್ ಯಾರ್ದು?

ಪ್ರಶ್ನೆ: ಸರ್, ಹೋದ ಭಾನುವಾರ ಲ್ಯಾವೆಲ್ ರೋಡಲ್ಲಿ ಪೋರ್ಶೆ 911 ಜಿಟಿ3 ನೋಡಿ ನಮ್ಮಕ್ಕನ ಮಗ ಅಲ್ಲೇ ನಿಂತ್ಬಿಟ್ಟ. ನಾನು ಸುಮ್ನಿರ್ದೆ, 'ಇದೇನ್ ಮಹಾ, 1957ರಲ್ಲಿ ಫಾರ್ಮುಲಾ 1 ಚಾಂಪಿಯನ್ ಫ್ಯಾಂಜಿಯೋ ಓಡಿಸ್ತಿದ್ದ ರೇಸ್ ಕಾರು ಮಸೆರಾಟಿ 250ಎಫ್ ಮುಂದೆ ಇದೆಲ್ಲಿ' ಅಂದೆ. 'ಅಯ್ಯೋ ಮಾಮ, ಆ ಡಬ್ಬಾನಾ' ಅಂತ ನಕ್ಕ. ಯಾವ್ದು ಫಾಸ್ಟ್ ಅಂತ ಸಿಟಿಆರ್‌ನಲ್ಲಿ ಬೆಣ್ಣೆ ಮಸಾಲೆ ಬೆಟ್ ಆಗಿದೆ, ಬಿಲ್ ಯಾರ್ ಕೊಡ್ಬೇಕು ಹೇಳಿ.
– ಓದುಗರೊಬ್ಬರು, ಮಲ್ಲೇಶ್ವರ

ಉತ್ತರ: ಬಿಲ್ ನಿಮ್ದೇ ಸರ್. ಆದ್ರೆ ನಿಮ್ಮಳಿಯ ಅಂದ್ಕೊಂಡಿರೋ ಕಾರಣಕ್ಕಲ್ಲ.

ಅವನು ಪವರ್ ಲೆಕ್ಕಾನೇ ಹೇಳಿರ್ತಾನೆ, 2021ರಲ್ಲಿ ಬಂದ ಜಿಟಿ3ಗೆ 510 ಎಚ್‌ಪಿ, ನಿಮ್ಮ ಮಸೆರಾಟಿಗೆ ಸುಮಾರು 270, ಮುಗೀತು ಅಂತ. ತೂಕ ಕೇಳಿ ಅವನನ್ನ. ಜಿಟಿ3 1,400 ಕೆಜಿ ದಾಟುತ್ತೆ, 250ಎಫ್ 670ರ ಆಸುಪಾಸು. ಒಂದು ಟನ್ ತೂಕಕ್ಕೆ ಎಷ್ಟು ಎಚ್‌ಪಿ ಅಂತ ಭಾಗಿಸಿದ್ರೆ ಹೊಸದಕ್ಕೆ ಬರೋದು 355, ಹಳೇದಕ್ಕೆ 400! ಡಬ್ಬ ಅಂತೆ.

ಹಾಗಿದ್ರೂ ಹಳೇದೇ ಹಿಂದೆ ಬೀಳುತ್ತೆ, ಜರ್ಮನಿಯ ನರ್ಬರ್ಗ್‌ರಿಂಗ್ ಟ್ರ್ಯಾಕಲ್ಲಿ ಎರಡೂ ಒಂದು ಲ್ಯಾಪ್, ಅಂದ್ರೆ ಒಂದು ಸುತ್ತು, ಹೊಡೆದ ಟೈಮ್ ಇದೆ ನೋಡಿ. 1957 ಆಗಸ್ಟ್ 4, ಫ್ಯಾಂಜಿಯೋ ಟೈರು-ಪೆಟ್ರೋಲಿಗೆ ನಿಲ್ಲೋ ಪಿಟ್ ಸ್ಟಾಪಲ್ಲಿ ಟೈಮ್ ಕಳ್ಕೊಂಡು ಎರಡು ಫೆರಾರಿಗಳ ಹಿಂದೆ ಬಿದ್ದು, ಆಮೇಲೆ ಲ್ಯಾಪ್ ಮೇಲೆ ಲ್ಯಾಪ್ ರೆಕಾರ್ಡ್ ಒಡ್ಕೊಂಡು ಬಂದು ಇಬ್ಬರನ್ನೂ ಹಿಡಿದು ಗೆದ್ದೇಬಿಟ್ಟ, ಅದರಲ್ಲಿ ಬೆಸ್ಟ್ ಲ್ಯಾಪ್ 9 ನಿಮಿಷ 17.4 ಸೆಕೆಂಡ್. ಜಿಟಿ3ದು 6 ನಿಮಿಷ 59.9. ಹಾಗಂತ ನೇರ ಕಳೀಬೇಡಿ, ಆಗ ಟ್ರ್ಯಾಕ್ 22.8 ಕಿಮೀ, ಈಗಿನ ಲ್ಯಾಪ್ 20.8, ರಸ್ತೆನೂ ಎಷ್ಟೋ ನುಣುಪಾಗಿದೆ. ಸರಾಸರಿ ಸ್ಪೀಡ್ ನೋಡಿದ್ರೆ ಹಳೇದು ಗಂಟೆಗೆ 147 ಕಿಮೀ, ಹೊಸದು 178.

ಆ ವ್ಯತ್ಯಾಸ ಹುಟ್ಟೋದು ತಿರುವಲ್ಲಿ. ಮಸೆರಾಟಿಗೆ ಸಣ್ಣ ಟೈರು, ಡ್ರಮ್ ಬ್ರೇಕು, ರೆಕ್ಕೆ ಅನ್ನೋದೇ ಇಲ್ಲ. ಡ್ರಮ್ ಬ್ರೇಕ್ ಗಾಡೀಲಿ ನಂದಿ ಬೆಟ್ಟ ಇಳಿದಿದ್ರೆ ಗೊತ್ತಿರುತ್ತೆ, ಕೆಳಗೆ ಬರೋಷ್ಟರಲ್ಲಿ ಕಾದು ಕಾದು ಪೆಡಲ್ ಒತ್ತಿದ್ರೂ ಹಿಡಿಯಲ್ಲ. ಜಿಟಿ3ಗೆ ಅಗಲದ ಟೈರು, ದೊಡ್ಡ ಡಿಸ್ಕು, ಹಿಂದಿನ ರೆಕ್ಕೆ ಮೇಲೆ ಹಾಯೋ ಗಾಳೀನೇ ಕಾರನ್ನ ರಸ್ತೆಗೆ ಒತ್ತುತ್ತೆ, ಹಾಗಾಗಿ ಅದು ಬ್ರೇಕ್ ಹಾಕೋದೇ ತಡವಾಗಿ, ತಿರುವಿಗೆ ನುಗ್ಗೋದೂ ಜೋರಾಗಿ.

ಫ್ಯಾಂಜಿಯೋ ನಾಲ್ಕೂ ಚಕ್ರ ಜಾರಿಸ್ಕೊಂಡೇ, ಸ್ಟೇರಿಂಗ್‌ಗಿಂತ ಜಾಸ್ತಿ ಎಕ್ಸಿಲರೇಟರಲ್ಲೇ ಕಾರ್ ತಿರುಗಿಸ್ತಿದ್ದ. ಆ ಎಕ್ಸಿಲರೇಟರ್ ಎಲ್ಲಿರುತ್ತೆ ಗೊತ್ತಾ? ಮಧ್ಯದಲ್ಲಿ! ಬ್ರೇಕ್ ಬಲಗಡೆ. ಸೀಟ್ ಬೆಲ್ಟೂ ಇಲ್ಲ, ವಯಸ್ಸು ಬೇರೆ 46. ನಿಮ್ಮಳಿಯನ್ನ ಅದರಲ್ಲಿ ಕೂರ್ಸಿ, ಖಾಲಿ ರಸ್ತೇಲೂ ಮೊದಲನೇ ಸಲ ನಿಲ್ಲಿಸೋಕೆ ಹೋಗಿ ಮುಂದಕ್ಕೇ ಹಾರ್ತಾನೆ.

ದೋಸೆ ನೀವು ಕೊಡ್ಸಿ. ಕಾಫಿ ಮಾತ್ರ ಅವನ ಲೆಕ್ಕಕ್ಕೆ ಬರೀರಿ, ಡಬ್ಬ ಅಂದಿದ್ದಕ್ಕೆ.